ಕಲ್ಲಿನ ಮೇಲೆ ಜೋಡಿಸಿಟ್ಟಿದ್ದ ಚಪ್ಪಲಿಗಳ ಬಗ್ಗೆ

ನಾನು, ವಯಸ್ಸು 43, ಕೆಲಸ ಬ್ಯಾಗು ಹೊಲಿಯುವುದು ಮತ್ತು ಜಿಪ್ ಹಾಕುವುದು. ವಾಸ, ಹಳೇ ಬಸ್ ನಿಲ್ದಾಣದ ಹಿಂದಿನ ಓಣಿ, ಎಡಗಡೆಯ ಮೂರನೇ ಮನೆ. ಮುಂದಿನ ಕೋಣೆಯೇ ಅಂಗಡಿ. ಬ್ಯಾಗಿನಕ್ಕ ಎಂದರೆ ಓಣಿಯಲ್ಲಿ ಯಾರಾದರೂ ತೋರಿಸುತ್ತಾರೆ. ಓದು ಆರನೇ ತರಗತಿ. ಏಳಕ್ಕೆ ಹೋಗಿದ್ದೆ, ಅರ್ಧದಲ್ಲೇ ಬಿಡಿಸಿದರು. ಆದ್ದರಿಂದ ಇದನ್ನು ನಾನು ಹೇಳಿ, ಠಾಣೆಯ ಸಾಹೇಬರ ಕೈಯಲ್ಲಿ ಬರೆಸಿದ್ದೇನೆ. ನನ್ನನ್ನು ಯಾರೂ ಕರೆಸಿಲ್ಲ. ನಾನಾಗಿಯೇ ಬಂದು, ಕೇಳಿದ್ದನ್ನೂ ಕೇಳದೆ ಬಿಟ್ಟಿದ್ದನ್ನೂ ಸೇರಿಸಿ ಹೇಳುವುದು ಹೀಗಿದೆ.

ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮತ್ತು ಮಗಳು ಇದ್ದೇವೆ. ಗಂಡ ನೀರಿನ ಟ್ಯಾಂಕರ್ ಓಡಿಸುತ್ತಾರೆ, ಭಾನುವಾರ ರಜೆ. ಮಗಳ ಪರೀಕ್ಷೆ ಮುಗಿದ ಮೇಲೆ ಅವಳ ಚಿಕ್ಕಪ್ಪ ತಮ್ಮ ಹಳೇ ಕ್ಯಾಮೆರಾವನ್ನು ಅವಳಿಗೆ ಕೊಟ್ಟರು. ಅತ್ತೆಗೆ ಮಂಡಿನೋವು, ದೂರ ಹೋಗಲು ಆಗುವುದಿಲ್ಲ. ಹಾಗಾಗಿ ಈ ಬೇಸಿಗೆಯಲ್ಲಿ ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ ಅವತ್ತೇ ವಾಪಸು ಬರುವಂಥ ಜಾಗಕ್ಕೆ ಹೋಗುತ್ತಿದ್ದೆವು. ಒಂದು ವಾರ ರೈಲ್ವೆ ಸೇತುವೆ, ಒಂದು ವಾರ ಗಿಡ ಮಾರುವ ನರ್ಸರಿ, ಹೀಗೆ. ನನಗೆ ಹೊರಗೆ ಹೋಗುವುದೆಂದರೆ ಜೀವ ಹೋದ ಹಾಗೆ. ಬೀಗ ಎಳೆದು ನೋಡಿ, ಮತ್ತೆ ತೆಗೆದು ಒಳಗೆ ಹೋಗಿ ಗ್ಯಾಸ್ ನೋಡಿ ಬರುತ್ತೇನೆ. ಕಳೆದ ಭಾನುವಾರ ಮೂರನೇ ಸಲ ಬೀಗ ತೆಗೆದಾಗ ನನ್ನ ಗಂಡ, “ಸಿಲಿಂಡರನ್ನೂ ಜೊತೆಗೇ ಕರ್ಕೊಂಡು ಹೋಗೋಣ ಬಿಡು, ಅದೂ ಊರು ನೋಡ್ಲಿ” ಎಂದರು. ಇದು ಕೇಸಿಗೆ ಬೇಕಿಲ್ಲ ಎಂದು ಸಾಹೇಬರು ಹೇಳಿದರು. ಆದರೆ ನಾನು ಎಂಥವಳು ಎಂದು ಗೊತ್ತಾಗದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ ಎಂದು ಹೇಳಿಸಿದ್ದೇನೆ.

ಮೇ 11ರ ಭಾನುವಾರ ಮಧ್ಯಾಹ್ನ 2.20ರ ಬಸ್ ಹತ್ತಿ 3.05ಕ್ಕೆ ಕೆರೆಯ ಸ್ಟಾಪಿನಲ್ಲಿ ಇಳಿದೆವು. ಏರಿ ಹತ್ತಿದ ಕೂಡಲೇ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಮೆಟ್ಟಿಲಿನ ತಲೆಯ ಹತ್ತಿರ ಕೂರಲು ಆಗುವಂಥ ಒಂದು ಚಪ್ಪಟೆ ಕಲ್ಲಿದೆ. ಅಲ್ಲಿಂದ ಎಡಕ್ಕೆ ಸುಮಾರು ಅರವತ್ತು ಅಡಿ ಹೋದರೆ ಕಲ್ಲಿನ ಕಟ್ಟೆ ಮುಗಿದು ಮಣ್ಣಿನ ದಡ ಶುರುವಾಗುತ್ತದೆ. ಅಲ್ಲಿ ದಡ ನೀರಿಗಿಂತ ಒಂದೂವರೆ ಆಳು ಎತ್ತರ ಇದೆ. ನನ್ನದು ಟೇಪು ಹಿಡಿಯುವ ಕೆಲಸ, ಅಂದಾಜು ಹೆಚ್ಚು ತಪ್ಪುವುದಿಲ್ಲ.

ಆ ಚಪ್ಪಟೆ ಕಲ್ಲಿನ ಮೇಲೆ ನಾನು ಮೊದಲು ನೋಡಿದ್ದೇ ಚಪ್ಪಲಿ. ಕಂದು ಬಣ್ಣದ ಚರ್ಮದ ಗಂಡಸರ ಚಪ್ಪಲಿ, ಒಂದರ ಪಕ್ಕ ಒಂದು, ಮೂತಿ ನೀರಿನ ಕಡೆ. ಬಲಗಾಲಿನ ಚಪ್ಪಲಿಯೊಳಗೆ ಮಡಿಸಿದ ಕನ್ನಡಕ. ಪಕ್ಕದಲ್ಲಿ ಕಪ್ಪು ಕ್ಯಾಮೆರಾ ಬ್ಯಾಗು. ಸುತ್ತಮುತ್ತ ಯಾರೂ ಇರಲಿಲ್ಲ. ಯಾರೋ ನೀರಿಗೆ ಹೋಗಿಬಿಟ್ಟಿದ್ದಾರೆ ಎಂದು ಗಂಡನ ಕೈ ಹಿಡಿದುಕೊಂಡೆ. ಅವರು, “ಶುರುವಾಯ್ತು ನೋಡು ಇವಳದು” ಎಂದರು. ನಾನು ಕೇಳಲಿಲ್ಲ. ಯಾರಿದ್ದೀರಿ, ಯಾರಾದರೂ ಬನ್ನಿ ಎಂದು ಕಿರುಚಿದೆ. ಮಗಳು ನಾಚಿಕೆಯಿಂದ ಅಜ್ಜಿಯ ಹಿಂದೆ ನಿಂತಳು.

ಆಗ ಮಣ್ಣಿನ ದಡದ ಕಡೆಯಿಂದ ಒಬ್ಬರು ಬರಿಗಾಲಿನಲ್ಲಿ ಓಡಿ ಬಂದರು. ವಯಸ್ಸು ಐವತ್ತೈದರ ಮೇಲೆ, ತಲೆಗೆ ಬಟ್ಟೆಯ ಟೋಪಿ, ಬಲಗೈ ಮಣಿಕಟ್ಟಿಗೆ ಕ್ಯಾಮೆರಾದ ಪಟ್ಟಿಯನ್ನು ಎರಡು ಸುತ್ತು ಸುತ್ತಿಕೊಂಡಿದ್ದರು. ಯಾರು ಬಿದ್ದದ್ದು, ಮಗುವಾ ಎಂದು ಅವರೇ ನನ್ನನ್ನು ಕೇಳಿದರು. ನನ್ನ ಗಂಡ ತಲೆ ತಗ್ಗಿಸಿಕೊಂಡು, “ಬಿದ್ದಿದ್ದು ನೀವೇ ಅಂತೆ ಸಾರ್” ಎಂದರು. ಅವರು ಚಪ್ಪಲಿ ನೋಡಿದರು, ನನ್ನನ್ನು ನೋಡಿದರು, ಕೆಮ್ಮು ಬರುವಷ್ಟು ನಕ್ಕರು.

ಆಮೇಲೆ ಅವರು ಹೇಳಿದ್ದೇನೆಂದರೆ, ಮಣ್ಣಿನ ದಡದಲ್ಲಿ ಒಂದು ಮಿಂಚುಳ್ಳಿ ತೂತು ಮಾಡಿ ಮರಿ ಇಟ್ಟಿದೆ, ಚಪ್ಪಲಿ ಹಾಕಿಕೊಂಡು ನಡೆದರೆ ಸದ್ದಿಗೆ ಹಕ್ಕಿ ಹಾರಿಹೋಗುತ್ತದೆ, ಅದಕ್ಕೆ ಚಪ್ಪಲಿ ಇಲ್ಲೇ ಬಿಟ್ಟು ಬರಿಗಾಲಿನಲ್ಲಿ ಹೋಗುತ್ತೇನೆ, ಕನ್ನಡಕ ಕ್ಯಾಮೆರಾಕ್ಕೆ ತಗುಲುತ್ತದೆ, ಅದಕ್ಕೆ ಅದನ್ನೂ ತೆಗೆದಿಡುತ್ತೇನೆ, ಒಂದು ತಿಂಗಳಿಂದ ಪ್ರತಿ ಭಾನುವಾರ ಹೀಗೇ ಎಂದರು. ಅತ್ತೆ ಸುಮ್ಮನಿರದೆ, ಹೋಗಲಿ, ಅಷ್ಟು ಅಂದವಾಗಿ ಯಾಕೆ ಜೋಡಿಸಿಟ್ಟಿರಿ, ನಮ್ಮ ಸೊಸೆಯ ಜೀವ ಬಾಯಿಗೆ ಬಂತು ಎಂದರು. ಅದಕ್ಕೆ ಅವರು, “ಅದು ಮನೇಲಿ ಕಲಿಸಿರೋದು ತಾಯಿ. ಚಪ್ಪಲಿ ಅಡ್ಡಾದಿಡ್ಡಿ ಬಿಟ್ರೆ ನಮ್ಮನೆಯವಳು ಒಳಗೇ ಸೇರಿಸಲ್ಲ. ಮೂವತ್ತು ವರ್ಷ ಆಯ್ತು, ಈಗ ಕಾಲೇ ತಾನಾಗಿ ಜೋಡಿಸಿ ಇಡುತ್ತೆ” ಎಂದರು.

ನಂತರ ಸ್ವಲ್ಪ ಹೊತ್ತು ಮಾತಾಡಿದೆವು. ಅವರದು ಪೇಂಟ್ ಅಂಗಡಿ ಎಂದರು. ಮನೆಯವರನ್ನೂ ಕರೆದುಕೊಂಡು ಬರಬಹುದಿತ್ತಲ್ಲ ಎಂದು ನನ್ನ ಗಂಡ ಕೇಳಿದರು. ಅದಕ್ಕೆ ಅವರು ನಗುತ್ತಾ, “ಅಯ್ಯೋ, ಬೆಳಿಗ್ಗೆನೇ ‘ಹೋಗಿ, ಅಲ್ಲೇ ಇದ್ದುಬಿಡಿ, ಆ ಹಕ್ಕಿ ಜೊತೆನೇ ಸಂಸಾರ ಮಾಡಿ’ ಅಂತ ಬೈಸ್ಕೊಂಡು ಬಂದಿದೀನಿ. ಅರ್ಧಕ್ಕೇ ಎದ್ದು ಬಂದೆ. ಕತ್ತಲಾಗೋದ್ರೊಳಗೆ ಹೋಗಿ ಉಳಿದರ್ಧ ಬೈಸ್ಕೋಬೇಕು” ಎಂದರು. ಈ ಮಾತನ್ನು ಹೀಗೆಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ.

ಅವರ ಬ್ಯಾಗಿನ ಜಿಪ್ ಹಲ್ಲು ಬಿಟ್ಟಿತ್ತು, ಎರಡು ಪಿನ್ನು ಚುಚ್ಚಿದ್ದರು. ಕಣ್ಣಿಗೆ ಬಿದ್ದ ಮೇಲೆ ನನಗೆ ಸುಮ್ಮನಿರಲು ಆಗುವುದಿಲ್ಲ, ಅಂಗಡಿಗೆ ತಂದರೆ ಹೊಸದು ಹಾಕಿಕೊಡುತ್ತೇನೆ ಎಂದೆ. ಮಂಗಳವಾರ ಸಂಜೆ ಅಂಗಡಿ ಬೇಗ ಮುಚ್ಚುತ್ತೇನೆ, ಆಗ ತರುತ್ತೇನೆ ಎಂದು ನಮ್ಮ ಓಣಿಯ ಗುರುತು ಕೇಳಿಕೊಂಡರು. ಮುಂದಿನ ಭಾನುವಾರ ಮರಿಗಳು ಹೊರಗೆ ಬರಬಹುದು, ಬಂದರೆ ತೋರಿಸುತ್ತೇನೆ ಎಂದು ಮಗಳಿಗೆ ಹೇಳಿದರು.

ಹೊರಡುವ ಮೊದಲು ಎಲ್ಲರ ಫೋಟೋ ಬೇಕೆಂದು ಅತ್ತೆ ಹಟ ಹಿಡಿದರು. ಯಾವಾಗಲೂ ಮಗಳೇ ತೆಗೆಯುವುದರಿಂದ ಯಾವ ಫೋಟೋದಲ್ಲೂ ಅವಳು ಇರುವುದಿಲ್ಲ. ಅವಳು ಹೋಗಿ ಮಣ್ಣಿನ ದಡದಿಂದ ಅವರನ್ನೇ ಕರೆದುಕೊಂಡು ಬಂದಳು. ಅವರು ಬರಿಗಾಲಿನಲ್ಲೇ ಬಂದು, ನಮ್ಮನ್ನು ಮೆಟ್ಟಿಲಿನ ಹತ್ತಿರ ನೀರಿಗೆ ಬೆನ್ನು ಮಾಡಿ ನಿಲ್ಲಿಸಿದರು. ಕನ್ನಡಕ ಇಲ್ಲದೆ ನಾವು ಕಾಣುತ್ತೇವಾ ಎಂದು ಅತ್ತೆ ಕೇಳಿದ್ದಕ್ಕೆ, ದೂರದ್ದು ಚೆನ್ನಾಗಿ ಕಾಣುತ್ತದೆ, ಕಾಲ ಬುಡದ್ದೇ ಮಸುಕು ಎಂದರು. ನನಗೆ ನೀರಿಗೆ ಬೆನ್ನು ಮಾಡಿ ನಿಲ್ಲಲು ಧೈರ್ಯ ಬರಲಿಲ್ಲ, ತಿರುಗಿ ತಿರುಗಿ ನೋಡುತ್ತಿದ್ದೆ. ಅವರು, “ಆ ತಾಯಿ ಈ ಕಡೆ ನೋಡ್ಬೇಕು, ನೀರು ಎಲ್ಲೂ ಹೋಗಲ್ಲ” ಎಂದರು. ಎಲ್ಲರೂ ನಕ್ಕರು. ಆಗಲೇ ಮಗಳ ಕ್ಯಾಮೆರಾದಲ್ಲಿ ಫೋಟೋ ತೆಗೆದರು.

ಆ ಫೋಟೋವನ್ನು ಇವತ್ತು ಬೆಳಿಗ್ಗೆ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಂದು ಒಪ್ಪಿಸಿದ್ದೇನೆ. ಕ್ಯಾಮೆರಾದಲ್ಲಿ ಸಮಯ 4.42 ಎಂದಿದೆ. ಅದರಲ್ಲಿ ನನ್ನ ಗಂಡ, ಮಗಳು ಮುಂದೆ ನೋಡುತ್ತಿದ್ದಾರೆ, ಅತ್ತೆ ಕಣ್ಣು ಮುಚ್ಚಿದ್ದಾರೆ, ನನ್ನದು ಕಿವಿ ಮಾತ್ರ ಕಾಣುತ್ತದೆ. ನಮ್ಮ ಹಿಂದೆ ಎಡಕ್ಕೆ ಚಪ್ಪಟೆ ಕಲ್ಲು ಕಾಣುತ್ತದೆ. ಕಲ್ಲಿನ ಮೇಲೆ ಚಪ್ಪಲಿ, ಬಲಗಡೆಯದರಲ್ಲಿ ಕನ್ನಡಕ, ಪಕ್ಕದಲ್ಲಿ ಪಿನ್ನು ಚುಚ್ಚಿದ ಬ್ಯಾಗು. ಸೋಮವಾರ ಬೆಳಿಗ್ಗೆ ತಮ್ಮ ಠಾಣೆಯವರು ಅಲ್ಲಿ ಹೇಗೆ ನೋಡಿದರೋ ಹಾಗೇ. ಆದರೆ ಈ ಫೋಟೋ ತೆಗೆದವರು ಆಗ ನಮ್ಮ ಎದುರಿಗೆ ನಿಂತು ತಮಾಷೆ ಮಾಡುತ್ತಿದ್ದರು.

5.30ಕ್ಕೆ ನಾವು ಬಸ್ಸಿಗೆ ಹೊರಟೆವು. ಏರಿಯ ಮೇಲಿಂದ ತಿರುಗಿ ನೋಡಿದಾಗ ಅವರು ಮಣ್ಣಿನ ದಡದ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಿದ್ದರು. ಹುಷಾರು ಎಂದು ಕೂಗಿದೆ. ಅವರು ತಿರುಗದೆ ಎಡಗೈ ಎತ್ತಿದರು. ಮತ್ತೊಂದು ಸಲ ಕೂಗಲು ಹೊರಟೆ. ಹಕ್ಕಿ ಹಾರಿಹೋಗುತ್ತದೆ ಸುಮ್ಮನಿರಮ್ಮ ಎಂದು ಮಗಳು ಬಾಯಿ ಮುಚ್ಚಿಸಿದಳು. ಆಮೇಲೆ ಅವರನ್ನು ನಾನು ನೋಡಿಲ್ಲ.

ಮಂಗಳವಾರ ಬೆಳಿಗ್ಗೆಯೇ ಅವರ ಬ್ಯಾಗಿಗೆ ಆಗುವ ಕಪ್ಪು ಜಿಪ್ ಕತ್ತರಿಸಿ ಮೆಷಿನ್ನಿನ ಪಕ್ಕ ಇಟ್ಟಿದ್ದೆ. ಸಂಜೆ ಏಳರವರೆಗೆ ಬರಲಿಲ್ಲ. ನನಗೆ ಬೇರೆ ಬೇರೆ ಯೋಚನೆ ಬಂತು, ಗುರುತು ಸರಿಯಾಗಿ ಹೇಳಲಿಲ್ಲವೇನೋ ಎಂದು ಎರಡು ಸಲ ಬಾಗಿಲಿಗೆ ಹೋಗಿ ನಿಂತೆ. 7.15ಕ್ಕೆ ಮಗನ ಬ್ಯಾಗು ತೆಗೆದುಕೊಂಡು ಹೋಗಲು ಬಂದ ಪಕ್ಕದ ಬೀದಿಯ ಹೆಂಗಸು, ಪೇಂಟ್ ಅಂಗಡಿಯವರು ಕೆರೆಗೆ ಹಾರಿಕೊಂಡರಂತೆ, ಚಪ್ಪಲಿ, ಕನ್ನಡಕ ಎಲ್ಲ ನೀಟಾಗಿ ಜೋಡಿಸಿಟ್ಟೇ ಹೋಗಿದ್ದಾರಂತೆ, ಮನೆಯಲ್ಲಿ ಜಗಳವಂತೆ, ಹೆಂಡತಿಯ ಬಾಯಿ ದೊಡ್ಡದಂತೆ ಎಂದು ಹೇಳಿದರು. ನನಗೆ ಕೈಯಲ್ಲಿದ್ದ ಕತ್ತರಿ ಎಲ್ಲಿ ಇಟ್ಟೆ ಎಂದು ತಿಳಿಯಲಿಲ್ಲ. ಇನ್ನೂ ಸಿಕ್ಕಿಲ್ಲ.

ಠಾಣೆಗೆ ಹೋಗುತ್ತೇನೆ ಎಂದಾಗ ನನ್ನ ಗಂಡ, ಊರ ಉಸಾಬರಿ ನಮಗ್ಯಾಕೆ, ಕೋರ್ಟು ಗೀರ್ಟು ಎಂದು ಅಲೆಸುತ್ತಾರೆ ಎಂದರು. ಆ ಭಯ ನನಗೂ ಇದೆ. ಅತ್ತೆ ಮಾತ್ರ, “ಅವತ್ತು ಸುಮ್ ಸುಮ್ನೆ ಕಿರುಚಿ ಊರು ಒಂದು ಮಾಡಿದೆ. ಇವತ್ತು ಹೋಗಿ ಬಾಯಿ ಬಿಡಬೇಕಾದ ಕಡೆ ಬಿಡು” ಎಂದರು. ಅವರು ನನ್ನ ಪರ ಮಾತಾಡಿದ್ದು ಕಡಿಮೆ, ಅದಕ್ಕೇ ಬಂದೆ.

ಪೇಂಟ್ ಅಂಗಡಿಯವರು ನೀರಿಗೆ ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿಲ್ಲ. ನೋಡಿದ್ದೇನೆ ಎಂದು ಹೇಳುವುದೂ ಇಲ್ಲ. ಆದರೆ ಚಪ್ಪಲಿ ನೋಡಿ ತಾವು ಸೋಮವಾರ ಏನು ಅಂದುಕೊಂಡಿರೋ, ಅದನ್ನೇ ನಾನು ಭಾನುವಾರ ಅಂದುಕೊಂಡು ಕಿರುಚಿದ್ದೆ. ನನ್ನದು ತಪ್ಪಾಗಿತ್ತು. ಚಪ್ಪಲಿ ಮೆಟ್ಟಿಲಿನ ಹತ್ತಿರ ಇದ್ದದ್ದರಿಂದ ಅಲ್ಲಿ ಮಾತ್ರ ನೀರಿಗೆ ಆಳು ಇಳಿಸಿ ಹುಡುಕಿದರು, ತೇಲಿಬಂದ ದೇಹದ ಕೈಯಲ್ಲೂ ನೀರಿನಲ್ಲೂ ಕ್ಯಾಮೆರಾ ಸಿಗಲಿಲ್ಲ, ಯಾರೋ ಎತ್ತಿಕೊಂಡು ಹೋಗಿರಬೇಕು ಎಂದು ಸಾಹೇಬರು ತಿಳಿಸಿದರು. ಕ್ಯಾಮೆರಾ ಅವರ ಕೈಗೆ ಎರಡು ಸುತ್ತು ಸುತ್ತಿತ್ತು. ನೀರಿನಲ್ಲಿ ಕೈಯಿಂದ ಕಳಚಿ ಹೋಗಿರಬಹುದು. ಆದ್ದರಿಂದ ಅರವತ್ತು ಅಡಿ ಎಡಕ್ಕೆ, ಹಕ್ಕಿಯ ತೂತಿನ ಕೆಳಗಿನ ನೀರಿನಲ್ಲಿ ಹುಡುಕಿಸಬೇಕು, ದಡದ ಮಣ್ಣು ಹೊಸದಾಗಿ ಕುಸಿದಿದೆಯೇ ಎಂದು ನೋಡಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ಹೋಗುವ ಆಳಿಗೆ ದಯವಿಟ್ಟು ಹಗ್ಗ ಕಟ್ಟಿ ಕಳಿಸಬೇಕು.

ಇನ್ನೊಂದು ವಿಷಯ. ನಾನು ಮೇಲಿನದನ್ನು ಹೇಳುವಾಗ ಬಾಗಿಲ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಅವರು ಯಾರೆಂದು ನನಗೆ ಗೊತ್ತಿರಲಿಲ್ಲ. ಹಕ್ಕಿ ಜೊತೆ ಸಂಸಾರ ಮಾಡಿ ಎಂಬ ಮಾತು ಬಂದಾಗ ಅವರು ಎದ್ದು ಒಳಗೆ ಬಂದು ಗೋಡೆ ಹಿಡಿದು ನಿಂತರು. ಅಲ್ಲೇ ಇದ್ದುಬಿಡಿ ಎಂದು ಗಂಡನಿಗೆ ತಾವು ಅಂದ ಮಾತನ್ನು ಪೊಲೀಸರಿಗಾಗಲಿ ಒಡಹುಟ್ಟಿದವರಿಗಾಗಲಿ ಹೇಳಿಲ್ಲ, ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ನಿಮ್ಮ ಯಜಮಾನರೇ ಹೇಳಿದರು ಎಂದೆ. ಹೇಗೆ ಹೇಳಿದರು ಎಂದು ಕೇಳಿದರು. ನಗುತ್ತಾ ಹೇಳಿದರು ಎಂದೆ. ಅವರು ನಂಬಲಿಲ್ಲ, “ನನ್ನ ಸಮಾಧಾನಕ್ಕೆ ಹೇಳ್ತಿದೀಯೇನಮ್ಮ?” ಎಂದರು. ಇಲ್ಲಕ್ಕ, ಉಳಿದರ್ಧ ಬೈಸಿಕೊಳ್ಳಲು ಕತ್ತಲಾಗುವುದರೊಳಗೆ ಮನೆಗೆ ಹೋಗಬೇಕು ಎಂದರು ಎಂದೆ. ಚಪ್ಪಲಿಯ ಮಾತನ್ನೂ ಹೇಳಿದೆ. ಆಮೇಲೆ ಆ ಹೆಂಗಸು, ಭಾನುವಾರ ಅವರ ತಟ್ಟೆಯನ್ನು ರಾತ್ರಿ ಹತ್ತರವರೆಗೂ ಮುಚ್ಚಿಟ್ಟಿದ್ದೆ ಎಂದು ಹೇಳಿ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು.

ಬರೆದದ್ದನ್ನು ಸಾಹೇಬರು ಕನ್ನಡದಲ್ಲಿ ಓದಿ ಹೇಳುವಾಗ, ನಗುತ್ತಾ ಎಂಬುದು ಹೇಳಿಕೆಗೆ ಬೇಕಾಗುವುದಿಲ್ಲ, ಹೊಡೆದು ಹಾಕೋಣವೇ ಎಂದು ಕೇಳಿದರು. ಬೇಡವೆಂದೆ. ಬೇಕಾದರೆ ಸಿಲಿಂಡರಿನದು ಹೊಡೆಯಿರಿ, ಅತ್ತೆಯದು ಹೊಡೆಯಿರಿ, ಆ ಒಂದು ಮಾತು ಇರಲಿ ಎಂದೆ. ಅದು ಇರುವ ಹೇಳಿಕೆಗೆ ಮಾತ್ರ ನನ್ನ ಸಹಿ. ಅದರಲ್ಲಿ ನಾನು ಕಂಡು ಕೇಳಿದ್ದಷ್ಟೇ ಇದೆ, ನಾನಾಗಿ ಕಟ್ಟಿ ಹೇಳಿದ್ದು ಏನೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ, ಮುಂದಿನ ಕೋಣೆ
ದಿನಾಂಕ: ಮೇ 14, ಬುಧವಾರ, ಮಧ್ಯಾಹ್ನ 12.50
ಸಹಿ: (ಬ್ಯಾಗಿನಕ್ಕ)