ಇನ್ನೂ ನೂರು ಹಸೆ ಹಾಡು

"ಹಳೇದಾಯ್ತು ಅಂದ್ರೆ ಮುಗೀತಾ?"

ಗ್ಯೋಟೋಕು ಸ್ಟೇಷನ್ನಿನ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ಹಳಿಯ ಕಡೆ ನೋಡುತ್ತ ಕೇಳಿದರು. ಮನಸ್ಸಿನಲ್ಲೇ ಪದ್ಯ ಹೇಳಿಕೊಳ್ಳುತ್ತಿದ್ದ ನಾನು ಈ ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದು ನಿಲ್ಲಿಸಿದೆ. ಆಕೆಯ ಪಕ್ಕದಲ್ಲಿದ್ದ ಗಂಡ ಆಕಳಿಸಿದರು.

"ನಿನ್ನ ಲ್ಯಾಪ್‌ಟಾಪ್‌ಗೆ ಹೊಸ ಓಎಸ್ ಹಾಕ್ತೀನಿ ಅಷ್ಟೇ, ಅಹಲ್ಯಾ. ಹಳೇದಕ್ಕೆ ಸಪೋರ್ಟ್ ನಿಂತಿದೆ. ಅಂಥದ್ದು ಮನೆ ವೈಫೈಲಿದ್ರೆ ಸೇಫಲ್ಲ ಅಂತ ಆಫೀಸಲ್ಲಿ ನಂಗೆ ವರ್ಕ್ ಫ್ರಮ್ ಹೋಮ್ ಕೊಡಲ್ಲ."

"ಹೊಸದ್ರಲ್ಲಿ ನನ್ನ ಕನ್ನಡ ಸಾಫ್ಟ್‌ವೇರ್ ಓಡಲ್ಲ ರೀ. ಅಜ್ಜಿ ಮದುವೆಗಳಲ್ಲಿ ಹೇಳ್ತಿದ್ದ ಹಸೆ ಹಾಡೆಲ್ಲ ಅದ್ರಲ್ಲೇ ಟೈಪ್ ಮಾಡಿರೋದು. ಮತ್ತೆ ಕೇಳೋಣ ಅಂದ್ರೆ ಅಜ್ಜಿ ಇಲ್ಲ."

"ಪ್ರಿಂಟ್ ತೆಗಿ."

"ಹೊಸ ಪ್ರಿಂಟರ್ ಅದನ್ನ ಗುರುತೇ ಹಿಡಿಯಲ್ಲ. ಸ್ಕ್ರೀನ್ ನೋಡ್ಕೊಂಡು ಕೈಯಲ್ಲಿ ಬರೀತಿದ್ದೀನಿ. ಇನ್ನೂ ನೂರಿದೆ."

"ಅಲ್ಲೀವರೆಗೂ ಹಳೇದನ್ನ ಸಾಕೋಕಾಗುತ್ತಾ?"

"ಒಕಾದಾ-ಸಾನ್ ಅವ್ರ ಫ್ಯಾಕ್ಟರಿಯ ಹಳೇ ಪ್ರೋಗ್ರಾಂಗೆ ನಿಮ್ಮ ಆಫೀಸಿನವ್ರು ಇನ್ನೂ ಎರಡು ವರ್ಷ ಕೊಟ್ರಲ್ಲ?"

"ಅವ್ರು ಕ್ಲೈಂಟ್ ಕಣೇ. ಸೊಂಟ ಬಗ್ಗಿಸಿ ಕೇಳ್ಕೊಂಡ್ರು."

"ನಾನೂ ಬಗ್ಗಲಾ, ಇಲ್ಲೇ?"

ಇಬ್ಬರೂ ಸ್ವಲ್ಪ ನಕ್ಕರು. ರೈಲು ಬಂತು.

"ಇವತ್ತು ಹೊಸದನ್ನ ಹಾಕಿ ಮುಗಿಸಿಬಿಡ್ತೀನಿ. ಪಾಸ್‌ವರ್ಡ್ ಹೇಳು."

"ಹೇಳಲ್ಲ," ಎಂದು ಆಕೆ ರೈಲು ಹತ್ತಿದರು.