ನೊರೆ ಮೆತ್ತಿದ ಫ್ರೆಂಚ್ ಪಾಠ

...ನಗಬೇಡ ಅಣ್ಣ, ಕತ್ತಿ ಗಂಟಲ ಮೇಲಿದೆ. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಒಡಹುಟ್ಟಿದವನ ಕತ್ತು ಕುಯ್ದ ಅಂತ ಹೆಸರು ತರಬೇಡ ನನಗೆ. ಹ್ಞೂಂ, ಹಾಗೆ. ಗದ್ದ ಎತ್ತು.

ಏನು ಹೇಳ್ತಿದ್ದೆ? ಹಾಂ, ಫ್ರೆಂಚು. ಗುಣವಾಚಕ ಅಂತ ಸ್ಕೂಲಲ್ಲಿ ಕಲಿತಿದ್ವಲ್ಲ, ಅವರಲ್ಲಿ ಅದಕ್ಕೂ ಬಹುವಚನ ಇದೆಯಂತೆ. ನಮ್ಮಲ್ಲಿ ಒಳ್ಳೇ ಗಿರಾಕಿ, ಒಳ್ಳೇ ಗಿರಾಕಿಗಳು. 'ಒಳ್ಳೇ' ತನ್ನ ಪಾಡಿಗೆ ತಾನಿರುತ್ತೆ. ಅಲ್ಲಿ ಗಿರಾಕಿ ಇಬ್ಬರಾದ್ರೆ ಅದೂ ವೇಷ ಬದಲಿಸಬೇಕು. 'ನೊರ್ಮಾಲ್', ನಮ್ಮ ನಾರ್ಮಲ್ಲೇ, ಹೋಗಿ 'ನೊರ್ಮೋ' ಆಗುತ್ತೆ. ಸರಿ, ಕೊನೇಲಿ 'ಆಲ್' ಬಂದ್ರೆ 'ಓ' ಅಂತ ಬಾಯಿಪಾಠ ಮಾಡ್ಕೊಂಡೆ ಅನ್ನು... ಫತಾಲ್, ನವಾಲ್, ಬನಾಲ್ ಅಂತ ಒಂದಷ್ಟು ಮೊಂಡು ಪದಗಳಿದ್ದಾವೆ, ಜಪ್ಪಯ್ಯ ಅಂದ್ರೂ 'ಓ' ಅನ್ನಲ್ಲ! ಬರೆಯುವಾಗ ಒಂದು 'ಎಸ್' ಬಾಲ ಅಂಟಿಸ್ಕೋತಾವೆ, ಅದನ್ನೂ ಬಾಯಲ್ಲಿ ಹೇಳೋ ಹಾಗಿಲ್ಲ.

ಯಾಕೆ ಕನ್ನಡಿಯಲ್ಲಿ ಹಾಗೆ ನೋಡ್ತೀಯ? ಪರೀಕ್ಷೆ ನನ್ನವಳಿಗೆ, ನನಗಲ್ಲ. ಆ ಫ್ರೆಂಚರ ದೇಶದಲ್ಲಿ ಒಂದು ಆಸ್ಪತ್ರೇಲಿ ನರ್ಸ್ ಕೆಲಸ ಸಿಕ್ಕಿದೆ, ಭಾಷೆ ಬರಲೇಬೇಕಂತೆ. ಅವಳು ಅಡುಗೆಮನೇಲಿ ಗಟ್ಟಿಯಾಗಿ ಓದ್ತಿದ್ಲು, ನನ್ನ ಕಿವಿಗೆ ಬೀಳ್ತಿತ್ತು... ಅಷ್ಟೇ. ಹೋಗ್ಲಿ, ಒಂದೆರಡು ವರ್ಷ ದುಡಿದು ಬರ್ಲಿ. ನಾನೆಲ್ಲಿಗೆ ಹೋಗ್ಲಿ? ಅಪ್ಪ ಹೋದಮೇಲೆ ನೀನು ಎರಡನೇ ಕುರ್ಚಿ ಹಾಕಿಸಿದ್ದು ಯಾರಿಗೋಸ್ಕರ? 'ಇದು ನನ್ನ ತಮ್ಮಂದು' ಅಂತ ಬಂದವರಿಗೆಲ್ಲ ತೋರಿಸ್ತಿದ್ದೆ.

ಅಲುಗಬೇಡ, ಮೀಸೆ ಹತ್ರ ಇದೀನಿ. ಈಗ ನಿನ್ನ ಕೈ ನಡುಗುತ್ತೆ, ಕತ್ತಿ ನಿಲ್ಲಲ್ಲ. ಅದಕ್ಕೇನಂತೆ? ನೀನು ಗಿರಾಕಿ ಜೊತೆ ಹರಟೆ ಹೊಡಿ, ಕೆಲಸ ನಾನು ನೋಡ್ಕೋತೀನಿ. ನಿನ್ನನ್ನ ಹೀಗೆ ನಡುನೀರಲ್ಲಿ ಕೈಬಿಟ್ಟು ಹೋದ್ರೆ ನಾನು ಮನುಷ್ಯನಾ?

ಮುಗೀತು. ಮುಖ ಒರೆಸ್ಕೋ. ಈಗ ಬಾಯಿ ಬಿಡಬಹುದು... ಮಾತಾಡು ಅಣ್ಣ. ಎದ್ದು ಎಲ್ಲಿಗೆ? ನನ್ನನ್ಯಾಕೆ ಕೂರಿಸ್ತಿದೀಯ? ಬೇಡ, ನನ್ನ ಗಡ್ಡ ನಾನೇ... ಬ್ರಷ್ ಕೊಡು ಇಲ್ಲಿ, ನೊರೆಯೆಲ್ಲ ಅಂಗಿ ಮೇಲೆ ಬೀಳ್ತಿದೆ. ಗಿರಾಕಿ ಬಂದ್ರೆ ನಾನಿದೀನಲ್ಲ, ನೀನ್ಯಾಕೆ ಈಗ ಮತ್ತೆ ರೂಢಿ ಮಾಡ್ಕೋಬೇಕು?

ಓ...

ಯಾರು ಹೇಳಿದ್ರು ನಿನಗೆ, ನಾನೂ ಪರೀಕ್ಷೆ ಪಾಸಾದೆ ಅಂತ?

ಯಾರೂ ಹೇಳಿಲ್ವಾ? ಆ 'ಆಲ್', 'ಓ' ಅಂತ ನಾನೇ ಬಾಯಿಬಿಟ್ಟೆನಾ?

ಸರಿ. ಹಚ್ಚು ಅಣ್ಣ... ಕೂತಿದೀನಿ.