ಹರಕೆಯ ಕುರಿ

ಅಲ್ಮಾಟಿಯ ಆಸ್ಪತ್ರೆಯಲ್ಲಿ ಸರದಿಗೆ ಕಾದು ಕೂತಿದ್ದ ಮುದುಕ ಓಸ್ಪಾನನ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಅಲ್ಲಿ ಕೂತಿದ್ದ ಕೂಲ್ಯಾಶಳ ಗಂಡನಿಗೆ ಬೆಳಿಗ್ಗೆ ಲಕ್ವ ಹೊಡೆದು ಒಳಗೆ ಚಿಕಿತ್ಸೆ ನಡೆದಿತ್ತು. ಜೊತೆಗಿದ್ದ ನೆರೆಮನೆಯ ರೈಖಾನ್, ಆಸ್ಪತ್ರೆಯ ಹಿಂದಿನ ಪ್ರಯೋಗಶಾಲೆಯಲ್ಲಿ ಕುರಿ ನೋಡಿಕೊಳ್ಳುವವಳು.

“ಮಿದುಳಲ್ಲಿ ಹೆಪ್ಪುಗಟ್ಟಿದ ರಕ್ತಾನ ತೊಡೆಯಿಂದ ತಂತಿ ತೂರಿಸಿ ಎಳೀತಾರಂತೆ ಕಣೆ. ಆದೀತಾ?”

“ಆಗುತ್ತೆ ಅಕ್ಕ. ಅಂಥ ತಂತೀನ ಮೊದಲು ನಮ್ಮ ಕುರಿಗಳ ಮೇಲೇ ಪ್ರಯೋಗ ಮಾಡಿ ನೋಡಿದ್ದು.”

“ನಮ್ಮೋರು ಕುರಿಗಿಂತ ಮೊಂಡ.”

“ಹಾಗಾದ್ರೆ ಬದುಕ್ತಾರೆ ಬಿಡಿ.”

“ಆ ಕುರಿಗಳು ಆಮೇಲೆ?”

“ಮತ್ತೆ ಏಳಲ್ಲ ಅಕ್ಕ. ನಿದ್ದೆಗೆ ಸೂಜಿ ಚುಚ್ಚೋ ಮುಂಚೆ ಕಿವಿಯಲ್ಲಿ ತಪ್ಪಾಯ್ತು ಅಂತೀನಿ. ಮನೇಲಿ ಕೊಯ್ಯೋವಾಗ ನಮ್ಮಪ್ಪ ಹಾಗೇ ಕೇಳ್ಕೋತಿದ್ರು.”

“ಅಯ್ಯೋ, ಇವರು ಉಳಿದ್ರೆ ಒಂದು ಕುರಿ ಕೊಯ್ತೀನಿ ಅಂತ ಹರಕೆ ಹೊತ್ತಿದ್ದೀನಲ್ಲೇ!”



ಬಾಗಿಲು ತೆರೆದು ನರ್ಸ್ ಕರೆದಳು. “ಕೂಲ್ಯಾಶಮ್ಮ, ಬನ್ನಿ. ಬಲಗೈ ಎತ್ತಿದ್ರು. ನೀವೆಲ್ಲಿ ಅಂತ ಕೇಳ್ತಿದ್ದಾರೆ.”

ಎದ್ದ ಕೂಲ್ಯಾಶ್ ಕಣ್ಣೊರೆಸಿಕೊಂಡು ರೈಖಾನಳ ಕೈ ಹಿಡಿದಳು.

“ನಮ್ಮ ಪಾಲಿನ ಕುರಿ ನಿಮ್ಮ ಪ್ರಯೋಗಶಾಲೇಲಿ ಆಗಲೇ ಹೋಗಿದೆ ಕಣೆ, ಇನ್ನೊಂದು ಬೇಡ. ನಮ್ಮ ಹಿರೀಕರ ಪದ್ಧತಿಯಂತೆ ಏಳು ರೊಟ್ಟಿ ಕರಿದು ಹಂಚ್ತೀನಿ, ದೇವರು ಒಪ್ಕೋತಾನೆ. ನಿನ್ನ ಕುರಿಗಳಿಗೆ ಒಂದು ಉಪ್ಪಿನ ಗಟ್ಟಿ ತರ್ತೀನಿ. ಇರೋವಷ್ಟು ದಿನ ನೆಕ್ಕಲಿ.”

ಹಿಡಿದ ಕೈ ಬಿಡದೆ ಇಬ್ಬರೂ ಒಳಗೆ ಹೋದರು.